ನೀಲಿ ದಾರದ ಸಿರಿಂಜು: ಬೆಳಗಾವಿಯ ಒಂದು ಪ್ರಕರಣ

ಹುಡುಗ ಸುಳ್ಳು ಹೇಳಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕಂದ್ರೆ ರಕ್ತದ ರಿಪೋರ್ಟ್ ಬಂದ ಮೇಲೆ ಮೂರು ವಾರ ನಮ್ಮ ಆಫೀಸಿನಲ್ಲಿ ಎಲ್ಲರೂ, ನಾನೂ ಸೇರಿ, ಅವನು ಸುಳ್ಳುಗಾರ ಅಂತಲೇ ತೀರ್ಮಾನ ಮಾಡಿಕೊಂಡಿದ್ದೆವು.

ವಯಸ್ಸು 26. ಮನೆ ವಡಗಾವಿ ಕಡೆ, ಅಪ್ಪನದು ಎರಡು ಪವರ್‌ಲೂಮ್. ಹೆಸರು ಬರೆಯುವುದಿಲ್ಲ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ನಮ್ಮ ರಿಜಿಸ್ಟರಿನಲ್ಲೂ ಅವನಿಗೆ ಹೆಸರಿರಲಿಲ್ಲ, ಬರೀ ಕೋಡ್ ನಂಬರು. ನಮ್ಮ ಮಾಮಾ ಮಾತ್ರ ಅವನನ್ನು 'ನೀಲಿ' ಅಂತ ಕರೆಯುತ್ತಿದ್ದರು, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಮಾಮಾ ಅಂದರೆ ನಮ್ಮ ಪೀರ್ ಎಜುಕೇಟರ್, ತಾವೂ ಆ ದಾರಿಯಲ್ಲಿ ನಡೆದು ಬಂದು ಹುಡುಗರಿಗೆ ತಿಳಿಹೇಳುವವರು. ಮುಂಬೈನಲ್ಲಿ ಬ್ರೌನ್ ಶುಗರ್ ಸೇದಿ, ಆಮೇಲೆ ಸೂಜಿಗೆ ಇಳಿದು, ಎಲ್ಲಾ ಬಿಟ್ಟು ಊರಿಗೆ ಬಂದವರು. ವಯಸ್ಸು ಐವತ್ತರ ಮೇಲೆ. ಓದಿದ್ದು ಏಳನೇ ಕ್ಲಾಸು. ಈ ಪ್ರಕರಣದಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ.

ನಾನಾಗ ಒಂದು ಚಿಕ್ಕ ಸಂಸ್ಥೆಯಲ್ಲಿ ಕೌನ್ಸೆಲರ್. ಒಬ್ಬರ ಸೂಜಿಯಿಂದ ಇನ್ನೊಬ್ಬರಿಗೆ ರೋಗ ಹರಡದಿರಲಿ ಅಂತ ನಶೆ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಕೊಡುವುದೂ ನಮ್ಮ ಕೆಲಸವಾಗಿತ್ತು, ಆದರೆ ಜಾಸ್ತಿ ಇದ್ದದ್ದು ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳ ಜೊತೆ. ನಮ್ಮ ಈ ಭಾಗದಲ್ಲಿ ಎಚ್‌ಐವಿ ಹಬ್ಬಿದ್ದೇ ಆ ದಾರಿಯಲ್ಲಿ ಅಲ್ವಾ. ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ಮನೆಮನೆ ಸಮೀಕ್ಷೆ ಮಾಡಿ ರಕ್ತ ತೆಗೆದು ನೋಡಿದಾಗ ಶೇ. 2.9 ಜನರಲ್ಲಿ ಸೋಂಕು ಕಂಡಿತ್ತು. ಅದು ಆಗ ದೊಡ್ಡ ಸುದ್ದಿ. ಹಾಗಾಗಿ ನಮ್ಮ ಸಿಬ್ಬಂದಿಗೆ ಕಾಂಡೋಮ್ ಪೆಟ್ಟಿಗೆ ಕಣ್ಣು ಮುಚ್ಚಿಕೊಂಡು ಲೆಕ್ಕ ಹಾಕಲು ಬರುತ್ತಿತ್ತು, ಸೂಜಿ ಪೆಟ್ಟಿಗೆ ಬಂದ ದಿನ ಅದನ್ನು ಬಿಚ್ಚಲು ಯಾರಿಗೂ ಮನಸ್ಸಿರಲಿಲ್ಲ. ಮಣಿಪುರದಲ್ಲಿ 1990ರ ಸುಮಾರಿಗೆ ಏನಾಯಿತು ಅಂತ ಟ್ರೈನಿಂಗಿನಲ್ಲಿ ಕೇಳಿದ್ದೆವು. ಇಂಜೆಕ್ಷನ್ ನಶೆ ಮಾಡುವವರಲ್ಲಿ ಮೊದಲ ಕೇಸು ಸಿಕ್ಕ ಒಂದೆರಡು ವರ್ಷದೊಳಗೆ ಅರ್ಧಕ್ಕರ್ಧ ಜನರಿಗೆ ಎಚ್‌ಐವಿ ಹರಡಿತ್ತು. ಆದರೆ ಅದು ಮಣಿಪುರ, ಇದು ಬೆಳಗಾವಿ ಅಂತ ನಮ್ಮ ಲೆಕ್ಕ.

ನೀಲಿ ನಮ್ಮ ಹತ್ತಿರ ಬಂದದ್ದು ಸೂಜಿಗಾಗಿ ಅಲ್ಲ, ಗಾಯಕ್ಕಾಗಿ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಫುಲ್ ತೋಳಿನ ಶರ್ಟು, ಕತ್ತಿನ ಗುಂಡಿ ತನಕ ಹಾಕಿಕೊಂಡಿದ್ದ. ಎಡ ಮೊಣಕೈ ಒಳಗೆ ನಿಂಬೆಹಣ್ಣಿನಷ್ಟು ಬಾವು, ಕೀವು ತುಂಬಿ ಮೇಲೆ ಬಿಳಿ ತಿರುಗಿತ್ತು. ಮಾಮಾ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕರೆತಂದಿದ್ದರು. ನಮ್ಮ ನರ್ಸ್ ಅಕ್ಕ ಡ್ರೆಸಿಂಗ್ ಮಾಡುವಾಗ ತೊಡೆ ತೋರಿಸು ಅಂದರು. ಮುಟ್ಟಿ ನೋಡಿದೆ. ಮಾಂಸ ಮುಟ್ಟಿದಂತಿರಲಿಲ್ಲ, ಮಗ್ಗದ ಮರ ಮುಟ್ಟಿದಂತಿತ್ತು. ಒತ್ತಿದರೆ ಬೆರಳು ತಗ್ಗುವುದೇ ಇಲ್ಲ.

ಅದು ಪೆಂಟಾಜೋಸಿನ್‌ನ ಗುರುತು. ಆಪರೇಷನ್ ಆದವರಿಗೆ, ಮೂಳೆ ಮುರಿದವರಿಗೆ ನೋವಿಗೆ ಕೊಡುವ ಇಂಜೆಕ್ಷನ್ ಅದು, ಒಂದು ಎಂಎಲ್ ಆಂಪ್ಯೂಲಿನಲ್ಲಿ 30 ಮಿಲಿಗ್ರಾಂ. ಹುಡುಗರು 'ಫೋರ್ಟ್ವಿನ್' ಅಂತಲೇ ಕರೆಯುತ್ತಾರೆ. ಔಷಧಿ ಸ್ವಲ್ಪ ಹುಳಿ ಗುಣದ್ದು. ಮಾಂಸದೊಳಗೆ ಹೋದಾಗ ಹರಳುಗಟ್ಟುತ್ತದೆ, ಮತ್ತೆ ಮತ್ತೆ ಚುಚ್ಚಿದರೆ ಆ ಜಾಗ ಗಟ್ಟಿಯಾಗಿ ಹುಣ್ಣಾಗುತ್ತದೆ. ಇವನು ಮೊದಲು ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ವಾರ್ಡ್ ಬಾಯ್. ನೈಟ್ ಡ್ಯೂಟಿಯಲ್ಲಿ ಬೆನ್ನು ನೋವು ಅಂತ ಯಾರೋ ಹಿರಿಯ ಸಿಬ್ಬಂದಿ ಉಳಿದ ಅರ್ಧ ಆಂಪ್ಯೂಲ್ ಕೊಟ್ಟಿದ್ದಾರೆ. ಮುಂದಿನದು ಗೊತ್ತಿರುವ ಕಥೆಯೇ. ಮೆಡಿಕಲ್ ಶಾಪುಗಳು ಈ ಔಷಧಿಯನ್ನು ಎಚ್1 ರಿಜಿಸ್ಟರಿನಲ್ಲಿ ರೋಗಿ ಹೆಸರು, ಡಾಕ್ಟರ ಹೆಸರು ಬರೆದೇ ಕೊಡಬೇಕು, ಆ ಪುಸ್ತಕ ಮೂರು ವರ್ಷ ಇಟ್ಟುಕೊಳ್ಳಬೇಕು. ವಾರ್ಡಿನ ಟ್ರೇಯಲ್ಲಿ ಉಳಿದ ಅರ್ಧ ಆಂಪ್ಯೂಲಿಗೆ ಯಾವ ರಿಜಿಸ್ಟರು? ಸಿಕ್ಕಿಬಿದ್ದ, ಕೆಲಸ ಹೋಯಿತು. ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ. ಜೊತೆಗೆ ಇನ್ನೂ ಮೂರು ಜನ ಸೇರಿಕೊಂಡರು.

ನಾಲ್ಕೂ ಜನರಿಗೆ ಒಂದು ನಿಯಮವಿತ್ತು. ಯಾರ ಸಿರಿಂಜು ಯಾರೂ ಮುಟ್ಟುವಂತಿಲ್ಲ. ಅದಲು ಬದಲಾಗಬಾರದು ಅಂತ ನೀಲಿ ಮನೆಯ ಮಗ್ಗದಿಂದ ಬಣ್ಣದ ನೂಲು ತಂದು ಪ್ರತಿ ಸಿರಿಂಜಿನ ಕತ್ತಿಗೆ ಸುತ್ತುತ್ತಿದ್ದ. ಇವನದು ನೀಲಿ. ಉಳಿದದ್ದು ಕೆಂಪು, ಹಳದಿ, ಮತ್ತೆ ಒಬ್ಬನಿಗೆ ಜರಿ, ಅವನು ಸ್ವಲ್ಪ ಶೋಕಿ ಮನುಷ್ಯ. ಆಸ್ಪತ್ರೆಯಲ್ಲಿ ಕೆಲಸ ಮಾಡಿದವನಲ್ವಾ, ಸೂಜಿಯಿಂದ ಏನು ಬರುತ್ತದೆ ಅಂತ ನೀಲಿಗೆ ಗೊತ್ತಿತ್ತು. ಸುತ್ತಿದ ರೀತಿ ಕೂಡ ನೇಕಾರರ ಮನೆಯದು, ಗಂಟು ಹೊರಗೆ ಕಾಣುತ್ತಿರಲಿಲ್ಲ.

ಈಗ ನಮ್ಮ ಮೊದಲ ತಪ್ಪಿಗೆ ಬರುತ್ತೇನೆ.

ನಮ್ಮ ಆಫೀಸಿನಲ್ಲಿ ಒಂದಕ್ಕೊಂದು ಪದ್ಧತಿ. ಹಳೆಯ ಸೂಜಿ ಎಷ್ಟು ತರುತ್ತೀಯೋ ಅಷ್ಟೇ ಹೊಸದು. ನಮ್ಮ ಮೇಲಿನವರು ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು, ಅವರ ವಾದದಲ್ಲೂ ಒಂದು ಅರ್ಥವಿತ್ತು ಅಂತ ಈಗಲೂ ಒಪ್ಪುತ್ತೇನೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಅದರ 22ನೇ ಸೆಕ್ಷನ್ನಿನಲ್ಲಿ ಒಂದು ಉದಾಹರಣೆ ಕೊಟ್ಟಿದ್ದಾರೆ: ನೋಂದಾಯಿತ ಸೂಜಿ ವಿನಿಮಯ ಕೆಲಸ ಮಾಡುವವರು, ಬಳಸಿದ ಸೂಜಿ ತಂದುಕೊಟ್ಟವನಿಗೆ ಹೊಸ ಸೂಜಿ ಕೊಟ್ಟರೆ, ಕೊಟ್ಟವರ ಮೇಲೂ ಕೇಸಿಲ್ಲ, ತಗೊಂಡವನ ಮೇಲೂ ಕೇಸಿಲ್ಲ. ನಮ್ಮ ಮೇಲಿನವರು ಹಿಡಿದುಕೊಂಡದ್ದು ಆ 'ತಂದುಕೊಟ್ಟವನಿಗೆ' ಅನ್ನೋ ಮಾತನ್ನು. ತರದವನಿಗೆ ಕೊಟ್ಟರೆ ನಾಳೆ ನಾವು ಸಿಕ್ಕಿಕೊಳ್ತೀವಿ ಅಂತ. ಆದರೆ ಉದಾಹರಣೆ ಅನ್ನೋದು ಉದಾಹರಣೆ ಮಾತ್ರ. ಸೆಕ್ಷನ್ನಿನ ಮೂಲ ಮಾತು ಅದಕ್ಕಿಂತ ಅಗಲವಾಗಿದೆ: ಎಚ್‌ಐವಿ ಅಪಾಯ ತಗ್ಗಿಸುವ ಯಾವ ಕ್ರಮವನ್ನೂ ನಿರ್ಬಂಧಿಸುವ ಹಾಗಿಲ್ಲ, ಅಪರಾಧ ಅಂತ ನೋಡುವ ಹಾಗಿಲ್ಲ. ಅದನ್ನು ಓದಿ ಹೇಳುವಷ್ಟು ಧೈರ್ಯ ನನಗೆ ಆಗ ಇರಲಿಲ್ಲ.

ಒಂದು ರಾತ್ರಿ ಎರಡನೇ ರೈಲ್ವೆ ಗೇಟ್ ಹತ್ತಿರ ನೀಲಿಯನ್ನು ಪೊಲೀಸರು ನಿಲ್ಲಿಸಿದರು. ಕಿಸೆಯಲ್ಲಿ ಬಳಸಿದ ಸಿರಿಂಜು ಹನ್ನೊಂದು, ಮರುದಿನ ನಮಗೆ ಕೊಡಲು ಕಟ್ಟಿಟ್ಟುಕೊಂಡದ್ದು. ಎರಡು ಏಟು ಬಿತ್ತು, ಸಿರಿಂಜೆಲ್ಲ ಗಟಾರಕ್ಕೆ ಹೋದವು. ಬೆಳಗ್ಗೆ ಬರಿಗೈಯಲ್ಲಿ ಬಂದು ನಿಂತ. ಹಳೆಯದಿಲ್ಲ ಅಂದರೆ ಹೊಸದಿಲ್ಲ ಅಂತ ಹೇಳಿದ್ದು ನಾನೇ. ಮನಸ್ಸು ತಡೆಯದೆ ಒಂದೇ ಒಂದು ಕೊಟ್ಟೆ. ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುವವನಿಗೆ ಒಂದು! ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ತಗೊಂಡು ಹೋದ. ಆಮೇಲೆ 19 ದಿನ ಬರಲಿಲ್ಲ.

ಬಂದಾಗ ಆ ಒಂದೇ ಸೂಜಿ ಅವನ ಹತ್ತಿರ ಇತ್ತು. ಮೊಂಡಾದಾಗಲೆಲ್ಲ ಬೆಂಕಿಪೊಟ್ಟಣದ ಬದಿಯ ಪಟ್ಟಿಗೆ ತಿಕ್ಕಿ ಚೂಪು ಮಾಡಿಕೊಂಡಿದ್ದನಂತೆ. ಸೂಜಿ ಮೇಲೆ ಆ ಕಂದು ಪುಡಿ ಇನ್ನೂ ಅಂಟಿತ್ತು. ತುದಿ ಒಂದು ಕಡೆ ಕೊಕ್ಕೆಯಂತೆ ಬಾಗಿತ್ತು. ಬಲಗೈಯಲ್ಲಿ ಹೊಸದಾಗಿ ಮೂರು ಬಾವು.

ಮಾಮಾ ಆವತ್ತು ಆಫೀಸಿನಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟರು: "ಹಳೇದ ತಂದ್ರಷ್ಟ ಹೊಸಾದ ಅಂತೀರಲ್ರೀ, ಪೊಲೀಸ್ರಿಗೆ ಬೇಕಾದ ಪುರಾವೆ ನಾವ ಹುಡುಗರ ಕಿಸೆದಾಗ ಇಟ್ಟ ಕಳಸಿದಂಗ ಆತು." ಯಾರೂ ಮಾತಾಡಲಿಲ್ಲ. ಅದಕ್ಕೆ ಉತ್ತರವೂ ಇರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಕೂಡ ಇದನ್ನೇ ಹೇಳುತ್ತದೆ, ಎಣಿಸಿ ಕೊಡಬೇಡಿ, ಬೇಕಾದಷ್ಟು ಕೊಡಿ ಅಂತ. ತಲೆಗೆ ವರ್ಷಕ್ಕೆ 200 ಸೂಜಿ ಮುಟ್ಟಿಸಬೇಕು ಅನ್ನೋದು 2020ರ ಗುರಿಯಾಗಿತ್ತು, 2030ಕ್ಕೆ 300. ಅದು ಸರಾಸರಿ ಲೆಕ್ಕ. ನೀಲಿಯಂಥವನಿಗೆ ದಿನಕ್ಕೆ ನಾಲ್ಕು ಅಂದರೆ ವರ್ಷಕ್ಕೆ 1,460 ಆಯಿತು. ನಾನು ಇದನ್ನು ಕ್ಯಾಲೆಂಡರ್ ಹಿಂದೆ ಬರೆದು ಲೆಕ್ಕ ಹಾಕಿದ ದಿನ ನನಗೇ ಗಾಬರಿಯಾಯಿತು. ಇಷ್ಟು ಕೊಟ್ಟರೆ ಚಟಕ್ಕೆ ನಾವೇ ನೀರೆರೆದಂತೆ ಆಗಲ್ವಾ ಅಂತ ಬೀದಿಯವರು ಕೇಳುತ್ತಿದ್ದರು, ನನ್ನ ಗಂಡನೂ ಕೇಳಿದ. ಮೂವತ್ತು ನಲವತ್ತು ವರ್ಷದಿಂದ ಬೇರೆ ಬೇರೆ ದೇಶಗಳಲ್ಲಿ ನೋಡಿದ್ದಾರೆ, ಸೂಜಿ ಕೊಟ್ಟಿದ್ದರಿಂದ ನಶೆ ಜಾಸ್ತಿಯಾದದ್ದು ಕಂಡಿಲ್ಲ. ನೀಲಿಯ ವಿಷಯದಲ್ಲಂತೂ ನಾನೇ ಕಂಡೆ. ಸೂಜಿ ನಿಲ್ಲಿಸಿದ 19 ದಿನದಲ್ಲಿ ಅವನು ಒಂದು ಡೋಸ್ ಕೂಡ ಕಡಿಮೆ ಮಾಡಿರಲಿಲ್ಲ.

ಪದ್ಧತಿ ಬದಲಾಯಿತು. ಒಮ್ಮೆಗೆ ಒಂದು ವಾರಕ್ಕಾಗುವಷ್ಟು ಕೊಡುವುದು, ಹಳೆಯದನ್ನು ಕಿಸೆಯಲ್ಲಿ ಇಟ್ಟುಕೊಂಡು ಓಡಾಡುವ ಬದಲು ಅವರು ಕೂರುವ ಪಾಳು ಕೋಣೆಯಲ್ಲೇ ಒಂದು ದಪ್ಪ ಪ್ಲಾಸ್ಟಿಕ್ ಕ್ಯಾನ್ ಇಡುವುದು. ಅಡುಗೆ ಎಣ್ಣೆಯ ಐದು ಲೀಟರ್ ಕ್ಯಾನು, ಮುಚ್ಚಳದಲ್ಲಿ ಸಿರಿಂಜು ಇಳಿಯುವಷ್ಟು ತೂತು. ವಾರಕ್ಕೊಮ್ಮೆ ಮಾಮಾ ಹೋಗಿ ಅದನ್ನು ತರುತ್ತಿದ್ದರು. ಗಟಾರದ ಬದಿ, ಆಟದ ಬಯಲಲ್ಲಿ ಬಿದ್ದ ಸೂಜಿಯನ್ನು ಚಿಮಟದಲ್ಲಿ ಎತ್ತುವುದೂ ಅವರದೇ ಕೆಲಸ, ಮೊದಮೊದಲು ಬೈದ ಓಣಿಯ ಹೆಣ್ಣುಮಕ್ಕಳು ಆಮೇಲೆ ಅವರನ್ನು ಕರೆದು ತೋರಿಸತೊಡಗಿದರು, ಅಲ್ಲೊಂದ ಬಿದ್ದೈತಿ ನೋಡ್ರಿ ಮಾಮಾ ಅಂತ. ಹಳೆಯದು ತರಲೇಬೇಕು ಅಂತ ಹೇಳುವುದು ಬಿಟ್ಟ ಮೇಲೆ ಹಳೆಯದು ವಾಪಸ್ ಬರುವುದು ಜಾಸ್ತಿಯೇ ಆಯಿತು.

ನಂಬಿಕೆ ಕುದುರಿದ್ದರಿಂದ ರಕ್ತ ಪರೀಕ್ಷೆಗೆ ನಾಲ್ಕೂ ಜನ ಒಪ್ಪಿದರು. ಎಚ್‌ಐವಿ ನಾಲ್ವರಿಗೂ ನೆಗೆಟಿವ್. ಖುಷಿಯಿಂದ ಚಹಾ ತರಿಸಿದೆವು. ಚಹಾ ಕುಡಿದು ಮುಗಿಯುವುದರೊಳಗೆ ಎರಡನೇ ಹಾಳೆ ಬಂತು. ಹೆಪಟೈಟಿಸ್ ಸಿ, ರಕ್ತದಿಂದ ಹರಡಿ ಲಿವರ್ ಕೆಡಿಸುವ ರೋಗ: ನೀಲಿ ಪಾಸಿಟಿವ್, ಕೆಂಪು ಪಾಸಿಟಿವ್, ಹಳದಿ ಪಾಸಿಟಿವ್. ಜರಿಯವನು ಗುಂಪಿಗೆ ಹೊಸಬ, ಅವನೊಬ್ಬ ಉಳಿದಿದ್ದ.

ನಮ್ಮ ಫಾರ್ಮಿನಲ್ಲಿ ಒಂದು ಪ್ರಶ್ನೆ ಇದೆ. ಕಳೆದ ವಾರದಲ್ಲಿ ಬೇರೆಯವರು ಬಳಸಿದ ಸೂಜಿ ಬಳಸಿದ್ದೀರಾ? ನಾಲ್ಕು ತಿಂಗಳ ಫಾರ್ಮು ತೆಗೆದು ನೋಡಿದೆ, ಪ್ರತಿ ಸಲವೂ 'ಇಲ್ಲ'. ಮೇಲಿನವರು ನಕ್ಕರು, ಇವರ ಮಾತು ನಂಬ್ತೀಯಲ್ಲಾ ಅಂದರು. ನಾನು ನೀಲಿಯನ್ನು ಕೂರಿಸಿಕೊಂಡು ಬೈದೆ. ಬೈದದ್ದು ನಿಜ, ಕೌನ್ಸೆಲಿಂಗ್ ಅಂತ ಸುಮ್ನೆ ಸುಳ್ಳು ಬರೆಯುವುದಿಲ್ಲ.

"ಅಕ್ಕಾ, ನನ್ನ ಅವ್ವನ ಆಣಿ. ಒಬ್ಬರ ಸೂಜಿ ಒಬ್ಬರು ಮುಟ್ಟಂಗಿಲ್ರೀ."

"ಹಂಗಾದ್ರೆ ಇದು ಎಲ್ಲಿಂದ ಬಂತು?"

ಸುಮ್ಮನೆ ಎದ್ದು ಹೋದ.

ಮೂರು ವಾರ ಕಳೆದ ಮೇಲೆ ಮಾಮಾ ನನ್ನ ಟೇಬಲ್ಲಿಗೆ ಬಂದು ಕೇಳಿದರು: "ಸೂಜಿ ಹಂಚ್ಕೋತೀರೇನು ಅಂತ ಕೇಳೀರಿ. ಔಷಧ ಹೆಂಗ ಹಂಚ್ಕೋತೀರಿ ಅಂತ ಕೇಳೀರೇನ್ರಿ?"

ಕೇಳಿರಲಿಲ್ಲ. ಫಾರ್ಮಿನಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ಮರುದಿನ ನೀಲಿಯನ್ನು ಕರೆಸಿ, ಬೈದದ್ದಕ್ಕೆ ತಪ್ಪಾಯ್ತು ಅಂತ ಹೇಳಿ, ಔಷಧಿಯ ಬದಲು ಬರೀ ನೀರಿಟ್ಟು, ನಾಲ್ಕು ಸಿರಿಂಜು ಕೊಟ್ಟು, ದಿನಾ ಮಾಡುವ ಹಾಗೆ ಮಾಡಿ ತೋರಿಸು ಅಂದೆ. ಮೊದಲು ನಾಚಿದ. ಆಮೇಲೆ ಕೈ ತಾನಾಗಿ ಓಡಿತು. ಹಣ ಕೂಡಿಸಿ ತಂದದ್ದು ಎರಡು ಆಂಪ್ಯೂಲ್, ಪಾಲು ನಾಲ್ಕು. ಒಬ್ಬೊಬ್ಬರು ಆಂಪ್ಯೂಲಿನಿಂದ ಎಳೆದುಕೊಂಡರೆ ಹೆಚ್ಚು ಕಡಿಮೆ ಆಗಿ ಜಗಳ ಆಗುತ್ತದೆ. ಅದಕ್ಕೆ ಎರಡನ್ನೂ ಒಂದೇ ಸಿರಿಂಜಿಗೆ ಎಳೆದುಕೊಂಡು, ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ನೋಡಿ, ಅದರಿಂದ ಉಳಿದ ಮೂರಕ್ಕೂ ಸಮನಾಗಿ ತುಂಬಿಸಿದ. ಒಂದು ಗೆರೆ ಆಚೆ ಈಚೆ ಇಲ್ಲ. ಆಸ್ಪತ್ರೆಯಲ್ಲಿ ಕಲಿತ ಕೈ. ಗುಂಪಿನಲ್ಲಿ ಅಳತೆಗೆ ಅವನನ್ನೇ ನೆಚ್ಚಿದ್ದರು. ಆಮೇಲೆ ಸಿರಿಂಜು ತೊಳೆಯಲು ಎಲ್ಲರಿಗೂ ಒಂದೇ ಸ್ಟೀಲ್ ಲೋಟ.

ಅಳತೆಯ ಸಿರಿಂಜು ಯಾವುದು ಅಂತ ಕೇಳಿದೆ.

ಅವನು ಕೈಯಲ್ಲಿದ್ದದ್ದನ್ನು ನೋಡಿಕೊಂಡ. ನೀಲಿ ದಾರದ್ದು. ಯಾವಾಗಲೂ ಅದೇ. ಬೆಳಗ್ಗೆ ತಾನು ಚುಚ್ಚಿಕೊಂಡದ್ದರಲ್ಲೇ ಸಂಜೆಯದನ್ನು ಅಳೆದು ಉಳಿದವರಿಗೆ ತುಂಬಿಸುತ್ತಿದ್ದ. ನಾಲ್ಕು ಸೂಜಿ, ನಾಲ್ಕು ಬಣ್ಣ, ಒಂದೇ ಹೊಟ್ಟೆಯಿಂದ ಬಂದ ಔಷಧಿ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ, "ಹಂಗಾದ್ರ ಅವ್ರಿಗೆ ನಾನ ಕೊಟ್ಟೆನೇನ್ರೀ ಅಕ್ಕಾ?"

ಯಾರಿಂದ ಯಾರಿಗೆ ಬಂತು ಅಂತ ಹೇಳುವುದು ಆಗದ ಮಾತು, ಹಾಗಂತ ಹೇಳಿದೆ. ಅದು ಅವನಿಗೆ ಸಾಕಾಗಲಿಲ್ಲ ಅಂತ ಮುಖದಲ್ಲೇ ಗೊತ್ತಾಗುತ್ತಿತ್ತು.

ಹೆಪಟೈಟಿಸ್ ಸಿ ವೈರಸ್ ಗಟ್ಟಿ ಪಿಂಡ. ಸಿರಿಂಜಿನೊಳಗೆ ಉಳಿದ ಒಂದು ಹನಿ ರಕ್ತದಲ್ಲಿ 63 ದಿನದ ತನಕ ಜೀವ ಹಿಡಿದಿರಬಲ್ಲದು ಅಂತ ಲ್ಯಾಬಿನಲ್ಲಿ ನೋಡಿದ್ದಾರೆ. ಲೋಟದ ನೀರು, ಹತ್ತಿ, ಔಷಧಿ ಕಲಸುವ ಚಮಚ, ಯಾವುದಾದರೂ ಸಾಕು ಅದಕ್ಕೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ 2017ರಲ್ಲಿ ಬಂದ ಕಾಕ್ರೇನ್ ಪರಿಶೀಲನೆಯಲ್ಲಿ ಒಂದು ಮಾತಿದೆ, ಅದನ್ನು ನಾನು ಆಮೇಲೆ ಓದಿದೆ, ಮೊದಲೇ ಓದಿದ್ದರೆ ಈ ಹುಡುಗನನ್ನು ಬೈಯುತ್ತಿರಲಿಲ್ಲ. ಬರೀ ಸೂಜಿ ಕೊಟ್ಟರೆ ಹೆಪಟೈಟಿಸ್ ಸಿ ತಗ್ಗುತ್ತದೆ ಅನ್ನೋದಕ್ಕೆ ಸಿಕ್ಕಿರುವ ಪುರಾವೆ ಅಷ್ಟು ಗಟ್ಟಿಯಿಲ್ಲ. ಬದಲಿ ಔಷಧಿ ಚಿಕಿತ್ಸೆ, ಅಂದರೆ ಚುಚ್ಚಿಕೊಳ್ಳುವ ನಶೆಯ ಬದಲು ಡಾಕ್ಟರ ನಿಗಾದಲ್ಲಿ ಬೇರೆ ಔಷಧಿ ಕೊಡುವುದು, ಅದೊಂದರಿಂದಲೇ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಎರಡೂ ಒಟ್ಟಿಗೆ ಸಿಕ್ಕರೆ, ಅದೂ ಸೂಜಿ ಧಾರಾಳವಾಗಿ ಸಿಕ್ಕರೆ, ಅಪಾಯ ಶೇ. 74ರಷ್ಟು ಕಡಿಮೆಯಾಗುತ್ತದೆ. ನಾವು ಆ ಎರಡರಲ್ಲಿ ಒಂದನ್ನು, ಅದೂ ಎಣಿಸಿ ಎಣಿಸಿ, ಕೊಡುತ್ತಿದ್ದೆವು.

ತಮಾಷೆ ಅಂದ್ರೆ ಈ ಸೂಜಿ ವಿನಿಮಯ ಹುಟ್ಟಿದ್ದೇ ಹೆಪಟೈಟಿಸಿಗಾಗಿ, ಏಡ್ಸ್‌ಗಾಗಿ ಅಲ್ಲ. 1984ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಶೆಯವರಿಗೆ ಇನ್ನು ಸಿರಿಂಜು ಮಾರಲ್ಲ ಅಂತ ಒಂದು ಮೆಡಿಕಲ್ ಶಾಪ್ ನಿಲ್ಲಿಸಿತು. ಹೆಪಟೈಟಿಸ್ ಬಿ ಹಬ್ಬುತ್ತದೆ ಅಂತ ಹೆದರಿದ್ದು ನಶೆ ಮಾಡುವವರದೇ ಒಂದು ಸಂಘ. ಅವರೇ ಮುಂದೆ ನಿಂತು ಶುರು ಮಾಡಿದರು, ಸೂಜಿ ಒದಗಿಸಿದ್ದು ಅಲ್ಲಿನ ನಗರದ ಆರೋಗ್ಯ ಇಲಾಖೆ. ಮಾಮಾಗೆ ಈ ಕಥೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ನಮ್ಮಲ್ಲೂ ಮೆಡಿಕಲ್‌ನವರು ಹುಡುಗರ ಮುಖ ನೋಡಿ ಇನ್ಸುಲಿನ್ ಸಿರಿಂಜ್ ಇಲ್ಲ ಅಂತಾರೆ, ಅವ್ವನ ಕೈಲಿ ಚೀಟಿ ಕೊಟ್ಟು ಕಳಿಸಿದರೆ ಇದೆ ಅಂತಾರೆ.

ಆವತ್ತಿನಿಂದ ಪ್ರತಿ ಪೊಟ್ಟಣದಲ್ಲಿ ಹಂಚಲು ಅಂತಲೇ ಬೇರೆ ಹೊಸ ಸಿರಿಂಜು ಹಾಕತೊಡಗಿದೆವು. ಅದರಲ್ಲಿ ಅಳೆಯಬೇಕು, ಚುಚ್ಚಿಕೊಳ್ಳಬಾರದು, ಒಂದು ಸಲ ಆದ ಮೇಲೆ ಕ್ಯಾನಿಗೆ. ನೀರು ಒಬ್ಬೊಬ್ಬರಿಗೆ ಬೇರೆ. ಲೋಟವನ್ನು ಮಾಮಾ ಎತ್ತಿಕೊಂಡು ಬಂದೇಬಿಟ್ಟರು. ಫಾರ್ಮಿನಲ್ಲಿ ಹೊಸ ಪ್ರಶ್ನೆಗೆ ಜಾಗ ಇರಲಿಲ್ಲ, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಕಂಪ್ಯೂಟರಿಗೆ ಹಾಕುವಾಗ ಅದು ಬಿಟ್ಟುಹೋಗುತ್ತಿತ್ತು.

ಚಿಕಿತ್ಸೆಯ ಕಥೆ ಇಷ್ಟು ಸರಾಗವಾಗಿ ಸಾಗಲಿಲ್ಲ. ಹೆಪಟೈಟಿಸ್ ಸಿಗೆ ಈಗ ಮಾತ್ರೆಯಲ್ಲೇ ಗುಣವಾಗುತ್ತದೆ, ಸೊಫೊಸ್ಬುವಿರ್ ಮತ್ತು ಡಕ್ಲಾಟಾಸ್ವಿರ್, ದಿನಕ್ಕೊಂದೊಂದು, ಸಾಮಾನ್ಯವಾಗಿ 12 ವಾರ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು ಉಚಿತ. ಆದರೆ ನಾವು ಮೊದಲು ಹೋದ ಆಸ್ಪತ್ರೆಯಲ್ಲಿ, ಹೆಸರು ಬೇಡ, ಮೊದಲು ಚಟ ಬಿಡಿಸಿ ಕರೆದುಕೊಂಡು ಬನ್ನಿ ಅಂದರು. ಚುಚ್ಚಿಕೊಳ್ಳುತ್ತಿದ್ದರೂ ಈ ಚಿಕಿತ್ಸೆ ಕೊಡಬಹುದು, ಕೊಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾತಿದೆ. ಅದನ್ನು ಪ್ರಿಂಟ್ ತೆಗೆದುಕೊಂಡು ಮತ್ತೆ ಹೋಗುವ ಹೊತ್ತಿಗೆ ನೀಲಿ ಊರಲ್ಲಿರಲಿಲ್ಲ.

ಮನೆಯಲ್ಲಿ ಗೊತ್ತಾಗಿತ್ತು. ಅಪ್ಪ ಬೇರೆ ಜಿಲ್ಲೆಯ ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದ್ದರು. ತಲೆ ಬೋಳಿಸಿ, 45 ದಿನ ಬೀಗ ಹಾಕಿದ ಹಾಲಿನಲ್ಲಿ ಇಟ್ಟಿದ್ದರಂತೆ. ಮೈಮುರಿತ, ವಾಂತಿ, ನಿದ್ದೆ ಇಲ್ಲದ ರಾತ್ರಿ, ಎಲ್ಲಾ ಔಷಧಿ ಇಲ್ಲದೆ ದಾಟಿದ. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಮಗ್ಗ ಅಡವಿಟ್ಟು ಫೀಸು ಕಟ್ಟಿದವರು ಅವರು. ಪೊಲೀಸ್ ಕೇಸಿನ ಹೆದರಿಕೆ ಬೇರೆ. ತಾನಾಗಿ ಚಿಕಿತ್ಸೆಗೆ ಬಂದವನಿಗೆ ಸೇವನೆಯ ಕೇಸಿನಿಂದ ರಕ್ಷಣೆ ಕೊಡುವ 64ಎ ಸೆಕ್ಷನ್ನು ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹೊರಗೆ ಬಂದ ಮೂರನೇ ದಿನ ಹಳೆಯ ಕೋಣೆಗೆ ಹೋದ. ಹಳೆಯ ಅಳತೆಯನ್ನೇ ತಗೊಂಡ, ಮೇಲೆ ಸ್ವಲ್ಪ ಹೆಂಡವೂ ಇತ್ತು. 45 ದಿನ ಬಿಟ್ಟ ಮೈಗೆ ಹಳೆಯ ಅಳತೆ ತಡೆಯುವುದಿಲ್ಲ, ಉಸಿರು ನಿಧಾನವಾಗುತ್ತಾ ನಿಲ್ಲಬಹುದು. ಇದನ್ನು ನಾವು ಎಲ್ಲಾ ಹುಡುಗರಿಗೂ ಹೇಳಿಟ್ಟಿದ್ದೆವು. ಕೆಂಪು ದಾರದವನಿಗೆ ಅದು ನೆನಪಿತ್ತು. ತುಟಿ ನೀಲಿಯಾದದ್ದು ನೋಡಿ ಓಡಿಹೋಗಲಿಲ್ಲ, ಆಟೋದಲ್ಲಿ ಹಾಕಿಕೊಂಡು ಕ್ಯಾಶುವಾಲ್ಟಿಗೆ ಹೋಗಿ, ಏನು ಚುಚ್ಚಿಕೊಂಡಿದ್ದಾನೆ ಅಂತ ಡಾಕ್ಟರಿಗೆ ನೇರವಾಗಿ ಹೇಳಿದ. ನಶೆ ಔಷಧಿಯ ಪರಿಣಾಮ ಇಳಿಸುವ ನಲೊಕ್ಸೋನ್ ಕೊಟ್ಟರು. ಪೆಂಟಾಜೋಸಿನ್‌ಗೆ ಅದು ಸ್ವಲ್ಪ ಜಾಸ್ತಿಯೇ ಬೇಕಾಗುತ್ತದೆ. ಎದ್ದು ಕೂತ.

ಆಮೇಲೆ ಅಪ್ಪನೇ ನಮ್ಮ ಆಫೀಸಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಗೋಡೆಗೆ ಒರಗಿ ನಿಂತು, "ಈಗ ಏನ್ ಮಾಡೂಣ್ರೀ ಬಾಯಾರ?" ಅಂದರು.

ಬದಲಿ ಔಷಧಿ ಬುಪ್ರೆನಾರ್ಫಿನ್ ಬಗ್ಗೆ ಹೇಳಿದೆ. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ಮಿದುಳಿನಲ್ಲಿ ನಶೆ ಔಷಧಿ ಕೂರುವ ಜಾಗದಲ್ಲೇ ಇದು ಹೋಗಿ ಕೂರುತ್ತದೆ, ಬಿಗಿಯಾಗಿ ಕೂರುತ್ತದೆ, ತಲಬು ತಡೆಯುತ್ತದೆ, ಅಮಲು ಏರಿಸುವುದು ಕಡಿಮೆ. 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಅಪ್ಪ ಕೇಳಿದ್ದು ಎಲ್ಲರೂ ಕೇಳುವುದನ್ನೇ: ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದಂಗ ಅಲ್ಲೇನ್ರೀ? ನಿಮಗೆ ಬಿಪಿ ಮಾತ್ರೆ ಇದೆಯಾ ಅಂತ ಕೇಳಿದೆ. ಇದೆ ಅಂದರು. ಎಷ್ಟು ವರ್ಷದಿಂದ ಅಂದೆ. ನಕ್ಕುಬಿಟ್ಟರು.

ಧಾರವಾಡದ ಒಂದು ಆಸ್ಪತ್ರೆಯಲ್ಲಿ ಶುರು ಮಾಡುವುದು ಅಂತಾಯಿತು. ಮೊದಲ ಮಾತ್ರೆಗೆ ಒಂದು ಕಷ್ಟವಿದೆ. ಹಳೆಯ ಔಷಧಿ ಮೈಯಲ್ಲಿ ಇರುವಾಗ ಇದನ್ನು ಕೊಟ್ಟರೆ ಒಮ್ಮೆಲೇ ಒದ್ದಾಟ ಶುರುವಾಗುತ್ತದೆ, ಹಾಗಾಗಿ ತಲಬು ಏಳುವ ತನಕ ಕಾಯಬೇಕು. ಅಂದರೆ ಬೆಳಗಾವಿಯಿಂದ ಧಾರವಾಡದ ತನಕ, ಸುಮಾರು ಎರಡು ತಾಸು, ಬಸ್ಸಿನಲ್ಲಿ ಅವನು ಆ ಒದ್ದಾಟದಲ್ಲೇ ಬರಬೇಕು. ಕಿತ್ತೂರು ಬರುವಷ್ಟರಲ್ಲಿ ಆಕಳಿಕೆ ಮೇಲೆ ಆಕಳಿಕೆ, ಮೂಗು ಸೋರುತ್ತಿದೆ, ತೋಳಿನ ಮೇಲೆ ರೋಮ ಎದ್ದು ನಿಂತಿದೆ. ಕಿಟಕಿ ಪಕ್ಕದ ಅಜ್ಜಿ ನೆಗಡಿ ಆಗೇತೇನಪ್ಪಾ ಅಂತ ಕೇಳಿ ಸೆರಗಿನಿಂದ ಶುಂಠಿ ಪೆಪ್ಪರ್ಮಿಂಟ್ ಬಿಚ್ಚಿ ಕೊಟ್ಟರು. ಅವನು ಅದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಕೂತ. ಅಪ್ಪ ಅವನ ಮಂಡಿ ಒತ್ತಿ ಹಿಡಿದಿದ್ದರು, ಧಾರವಾಡ ಬರುವ ತನಕ ಬಿಡಲಿಲ್ಲ.

ಮಾತ್ರೆ ನಾಲಿಗೆ ಕೆಳಗೆ ಕರಗಿ ಮುಕ್ಕಾಲು ತಾಸಾದ ಮೇಲೆ ಹಸಿವು ಅಂದ.

ಇನ್ನೊಂದು ಜಗಳವೂ ಹೇಳಬೇಕು. ಮಾತ್ರೆ ಶುರುವಾದ ಮೇಲೆ ಅವನ ಹೆಸರನ್ನು, ಅಂದರೆ ಕೋಡ್ ನಂಬರನ್ನು, ಸೂಜಿ ಪಟ್ಟಿಯಿಂದ ತೆಗೆಯಬೇಕು ಅಂತ ನಮ್ಮ ಮೇಲಿನವರು ಕೂತರು. ಒಂದೋ ಚಿಕಿತ್ಸೆ, ಒಂದೋ ಸೂಜಿ. ಮೊದಲ ಎರಡು ತಿಂಗಳು ನೀಲಿ ವಾರಕ್ಕೆ ಒಂದೆರಡು ಸಲ ಜಾರುತ್ತಿದ್ದ, ಧಾರವಾಡದ ಡಾಕ್ಟರಿಗೂ ಅದು ಗೊತ್ತಿತ್ತು, ಮಾತ್ರೆಯ ಅಳತೆ ಏರಿಸಿ ನೋಡುತ್ತಿದ್ದರು. ಜಾರಿದ ದಿನ ಅವನ ಕೈಗೆ ಸಿಗುವುದು ಹೊಸ ಸೂಜಿಯೋ, ಬೆಂಕಿಪೊಟ್ಟಣಕ್ಕೆ ತಿಕ್ಕಿದ ಸೂಜಿಯೋ ಅನ್ನೋದಷ್ಟೇ ನಮ್ಮ ಮುಂದಿದ್ದ ಪ್ರಶ್ನೆ. ಈ ಸಲ ನಾನು ಸುಮ್ಮನಿರಲಿಲ್ಲ. ಆ 74ರ ಲೆಕ್ಕವನ್ನೂ ಇಟ್ಟೆ, ಆ 19 ದಿನದ ಸೂಜಿಯನ್ನೂ ಇಟ್ಟೆ. ಅದನ್ನು ಒಂದು ಗಾಜಿನ ಶೀಷೆಯಲ್ಲಿ ಮುಚ್ಚಿ ಇಟ್ಟುಕೊಂಡಿದ್ದೆ. ಕೋಡ್ ನಂಬರು ಪಟ್ಟಿಯಲ್ಲೇ ಉಳಿಯಿತು.

ಹೆಪಟೈಟಿಸ್ ಮಾತ್ರೆಯನ್ನು ಬೇರೊಬ್ಬ ಡಾಕ್ಟರ್ ಯಾವ ತಕರಾರೂ ಇಲ್ಲದೆ ಶುರು ಮಾಡಿದರು. ಎರಡೂ ಮಾತ್ರೆಯನ್ನು ಅಪ್ಪನೇ ಬೆಳಗ್ಗೆ ಕೈಗೆ ಕೊಡುತ್ತಿದ್ದರು, ಮಗ್ಗ ಹಚ್ಚುವ ಮೊದಲು. 12 ವಾರ ತಪ್ಪಲಿಲ್ಲ. ಮುಗಿದು ಮತ್ತೆ 12 ವಾರಕ್ಕೆ ಮಾಡಿದ ಪರೀಕ್ಷೆಯಲ್ಲಿ ವೈರಸ್ ಇಲ್ಲ. ಒಮ್ಮೆ ಗುಣವಾದರೆ ಮತ್ತೆ ಬರುವುದಿಲ್ಲ ಅಂತೇನಿಲ್ಲ, ಅದನ್ನು ಮೂರು ಸಲ ಹೇಳಿ ಕಳಿಸಿದೆ. ಕೆಂಪು ದಾರದವನೂ ಕೋರ್ಸ್ ಮುಗಿಸಿದ. ಹಳದಿ ಅರ್ಧಕ್ಕೆ ಬಿಟ್ಟ. ಜರಿಯವನು ಗೋವಾಕ್ಕೆ ಕೆಲಸಕ್ಕೆ ಹೋದ, ಫೋನ್ ಹತ್ತುತ್ತಿಲ್ಲ.

ನೀಲಿ ಈಗ ಅಪ್ಪನ ಜೊತೆ ಮಗ್ಗದಲ್ಲಿದ್ದಾನೆ. ಬುಪ್ರೆನಾರ್ಫಿನ್ ಮುಂದುವರಿದಿದೆ. ಮಾಮಾಗೆ ಮೊಣಕಾಲು ನೋವು ಜಾಸ್ತಿಯಾಗಿ ಕೋಣೆಯ ತನಕ ನಡೆಯುವುದು ಆಗದ್ದರಿಂದ ಶುಕ್ರವಾರದ ಕ್ಯಾನ್ ತರುವುದು ಅವನೇ. ಕಳೆದ ಸಲ ತಂದಾಗ ನಾನು ಗ್ಲೌಸ್ ಹಾಕಿಕೊಂಡು ಮುಚ್ಚಳ ತೆಗೆದು ನೋಡುತ್ತಿದ್ದೆ. ಮೇಲೇ ಒಂದು ಸಿರಿಂಜು ಇತ್ತು, ಕತ್ತಿಗೆ ನೀಲಿ ನೂಲು, ಗಂಟು ಕಾಣದ ಹಾಗೆ ಸುತ್ತಿದ್ದು. ನಾನು ಏನೂ ಕೇಳಲಿಲ್ಲ.

"ಮಂಗಳವಾರದ್ದ ಅಕ್ಕಾ. ಒಂದ ಸಲ. ಹೊಸಾ ಸೂಜಿ, ಯಾರಿಗೂ ಅಳದಕೊಟ್ಟಿಲ್ಲ" ಅಂದ.

ಅವನ ಕಾರ್ಡ್ ತೆಗೆದು ಮುಂದಿನ ರಕ್ತ ಪರೀಕ್ಷೆಯ ತಾರೀಕು ಬರೆದೆ. ಅವನು ಖಾಲಿ ಕ್ಯಾನ್ ತಗೊಂಡು ಹೋದ.